ಕರೆಯದಿದ್ದರೂ ತವರಿಗೆ ಹೋಗಬಹುದಾ?

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ದುಡ್ಡಿನ ವಿಷಯ ಮಾತಾಡೋ ಪಾಡ್‌ಕಾಸ್ಟ್‌ನಲ್ಲಿ ಇವತ್ತು ಅಣ್ಣ-ತಂಗಿ ವಿಷಯ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಸ್ವಲ್ಪ ಕೇಳಿ, ದುಡ್ಡೂ ಬರುತ್ತೆ, ಜಮೀನೂ ಬರುತ್ತೆ.

ವಿಲ್ ಮತ್ತು ನಾಮಿನೇಷನ್ ಬಗ್ಗೆ ಒಂದು ಕಂತು ಮಾಡಿದ್ವಲ್ಲ, ಅದು ಬಂದ ಮೇಲೆ ತುಂಬ ವಾಯ್ಸ್ ನೋಟ್ ಬಂದವು. ಹೆಚ್ಚಿನವು ಎರಡು ನಿಮಿಷ, ಮೂರು ನಿಮಿಷ. ಒಂದು ಮಾತ್ರ ಹನ್ನೊಂದು ನಿಮಿಷದ್ದು. ಅದನ್ನು ಕಳಿಸಿದವರ ಅನುಮತಿ ತಗೊಂಡೇ ಮಾತಾಡ್ತಿದ್ದೀನಿ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಾಯಿಸಿದ್ದೀನಿ.

ಗದಗ ಜಿಲ್ಲೆಯ ಒಂದು ಹಳ್ಳಿಯವರು. ವಯಸ್ಸು 29. ಬೆಂಗಳೂರಿನಲ್ಲಿ ಕೆಲಸ, ಮದುವೆ ಆಗಿದೆ, ಎರಡು ವರ್ಷದ ಮಗು ಇದೆ. ಊರಲ್ಲಿ ಅವ್ವ, ಅಣ್ಣ, ಅತ್ತಿಗೆ. ಅಣ್ಣ ಇವರಿಗಿಂತ ಆರು ವರ್ಷ ದೊಡ್ಡವರು. ಅಪ್ಪ ಹಾಸಿಗೆ ಹಿಡಿದಾಗ ಅಣ್ಣ ಡಿಗ್ರಿ ಎರಡನೇ ವರ್ಷಕ್ಕೆ ಬಿಟ್ಟು ಹೊಲಕ್ಕೆ ಇಳಿದರು. ತಂಗಿ ಓದಿದರು. ಒಂದು ವರ್ಷ ಹಾಸ್ಟೆಲ್ ಫೀಸಿಗೆ ಅಣ್ಣ ಎತ್ತು ಮಾರಿದ್ರಂತೆ. ಇದನ್ನು ಅಣ್ಣ ಇವತ್ತಿಗೂ ಬಾಯಿ ಬಿಟ್ಟು ಹೇಳಿಲ್ಲ. ಆದ್ರೆ ಮನೇಲಿ ಎಲ್ಲರಿಗೂ ಗೊತ್ತು, ಎಲ್ಲರಿಗೂ ಗೊತ್ತಿದೆ ಅನ್ನೋದು ತಂಗಿಗೂ ಗೊತ್ತು. ಅದು ಒಂಥರಾ ಬಡ್ಡಿ ಬರೆಯದ ಸಾಲ. ಎಷ್ಟು ತೀರಿಸಿದ್ರೆ ತೀರುತ್ತೆ ಅಂತಾನೇ ಗೊತ್ತಾಗಲ್ಲ.

ಅಪ್ಪ ತೀರಿಕೊಂಡು ಮೂರು ವರ್ಷ. ಮೊದಲ ವರ್ಷದ ತಿಥಿ ಮುಗಿದ ಸಂಜೆ, ನೆಂಟರೆಲ್ಲ ಹೋದ ಮೇಲೆ, ಅಣ್ಣ ಒಂದು ಕಾಗದ ಮತ್ತು ಪೆನ್ನು ತಂದು ಮುಂದಿಟ್ಟರು. ಸಹಿ ಮಾಡು ಅಂದ್ರು. ಇವರು, ಓದಿ ಮಾಡ್ತೀನಿ, ಬೆಂಗಳೂರಿಗೆ ಒಯ್ತೀನಿ ಅಂದ್ರು. ಅಣ್ಣ ಹೇಳಿದ್ದು ಒಂದೇ ಮಾತು: "ನನ್ನ ಮ್ಯಾಲ ನಂಬಿಕಿ ಇಲ್ಲೇನ್ ನಿನಗ?" ಕಾಗದ ಮಡಚಿ ಒಳಗೆ ಹೋದ್ರು. ಅವತ್ತಿನಿಂದ ಮಾತಿಲ್ಲ. ಅವ್ವ ಫೋನ್ ಮಾಡ್ತಾರೆ, ಅತ್ತಿಗೆ ಮಗುವಿನ ಫೋಟೋಗೆ ಹಾರ್ಟ್ ಒತ್ತುತ್ತಾರೆ, ಅಣ್ಣ ಇಲ್ಲ. ಎರಡು ಪಂಚಮಿ ಹೋದವು. ಕರೆಯೋಕೆ ಬರಲಿಲ್ಲ.

ನಮ್ಮ ತುಮಕೂರು, ಮಂಡ್ಯ, ಮೈಸೂರು ಕಡೆಯವರಿಗೆ ಈ ಕೊನೇ ವಾಕ್ಯದ ಭಾರ ಅಷ್ಟು ಗೊತ್ತಾಗಲಿಕ್ಕಿಲ್ಲ. ನಮ್ಮಲ್ಲಿ ಗೌರಿ ಹಬ್ಬಕ್ಕೆ ಬಾಗಿನ ಬರುತ್ತೆ. ಉತ್ತರ ಕರ್ನಾಟಕದಲ್ಲಿ ಹೆಣ್ಣುಮಕ್ಕಳ ಹಬ್ಬ ಅಂದ್ರೆ ಶ್ರಾವಣದ ನಾಗರ ಪಂಚಮಿ. ಅಣ್ಣನೋ ತಮ್ಮನೋ ಹೋಗಿ ಮದುವೆಯಾದ ಅಕ್ಕ-ತಂಗಿಯರನ್ನ ತವರಿಗೆ ಕರ್ಕೊಂಡು ಬರಬೇಕು. ಶೇಂಗಾ ಉಂಡಿ, ಎಳ್ಳುಂಡಿ, ಅರಳು, ಮರಕ್ಕೆ ಕಟ್ಟಿದ ಜೋಕಾಲಿ. ಕರೆಯೋಕೆ ಯಾರೂ ಬರಲಿಲ್ಲ ಅಂದ್ರೆ ಅದನ್ನ ಇಡೀ ಊರು ಗಮನಿಸುತ್ತೆ, ಗಂಡನ ಮನೆಯೂ ಗಮನಿಸುತ್ತೆ. ಕರೆಯದೆ ಹೋಗೋದು ಹೆಣ್ಣುಮಗಳಿಗೆ ಮರ್ಯಾದೆ ಅಲ್ಲ ಅನ್ನೋ ಮಾತು ಬೇರೆ.

ಇವರು ಅಣ್ಣನಿಗೆ ಒಂದು ಮೆಸೇಜ್ ಬರೆದಿಟ್ಟಿದ್ದಾರೆ. ಕಳಿಸಿಲ್ಲ. ಫೋನಿನ ನೋಟ್ಸ್‌ನಲ್ಲಿದೆ. ತಿಂಗಳಿಗೊಂದು ಸಲ ತೆಗೆದು ತಿದ್ದುತ್ತಾರೆ. ಅದರಲ್ಲಿ ಎಲ್ಲ ಇದೆ: ಎತ್ತಿನ ವಿಷಯ, ಕಾಗದದ ವಿಷಯ, ಪಂಚಮಿ ವಿಷಯ, ಅವ್ವನ ಮೊಣಕಾಲು ನೋವಿಗೆ ಯಾರು ಎಷ್ಟು ಖರ್ಚು ಮಾಡಿದ್ರು ಅನ್ನೋ ವಿಷಯ. ಕೊನೇಲಿ, ನೀನು ಮಾಡಿದ್ದು ತಪ್ಪು ಅಂತ ಒಪ್ಕೋ ಅಂತ ಇದೆ. ನನ್ನನ್ನ ಕೇಳಿದ ಪ್ರಶ್ನೆ: "ಇದನ್ನ ಕಳಿಸ್ಲಾ? ಒಂದೇ ಸಲಕ್ಕೆ ಎಲ್ಲ ಕ್ಲಿಯರ್ ಆಗುತ್ತಾ?"

ಆ "ಒಂದೇ ಸಲಕ್ಕೆ" ಅನ್ನೋ ಪದದ ಮೇಲೆ ನನ್ನ ತಲೆ ಎರಡು ದಿನ ಓಡ್ತು. ನಮ್ಮ ವಯಸ್ಸಿನ ಎಷ್ಟೋ ಜನರ ಹತ್ರ ಇಂಥದ್ದೊಂದು ನೋಟ್ ಇದೆ. ಅಪ್ಪನಿಗೆ, ಅಕ್ಕನಿಗೆ, ಮಾತು ಬಿಟ್ಟ ಗೆಳೆಯನಿಗೆ. ಆ ಪರ್ಫೆಕ್ಟ್ ಮಾತುಕತೆ ಒಂದು ದಿನ ಆಗುತ್ತೆ, ಅವರು ಕಣ್ಣಲ್ಲಿ ನೀರು ಹಾಕಿ ಒಪ್ಕೋತಾರೆ, ಆಮೇಲೆ ಎಲ್ಲ ಸರಿಹೋಗುತ್ತೆ. ಅಲ್ಲಿವರೆಗೆ ಫೋನ್ ಇಲ್ಲ, ಹಬ್ಬ ಇಲ್ಲ. ನನ್ನ ಪ್ರಕಾರ ಸಂಬಂಧವನ್ನ ಹೆಪ್ಪುಗಟ್ಟಿಸೋದು ಜಗಳಕ್ಕಿಂತ ಹೆಚ್ಚಾಗಿ ಈ ಕಾಯುವಿಕೆ.

ಇದನ್ನ ಸುಮ್ನೆ ಗಾಳಿಯಲ್ಲಿ ಹೇಳ್ತಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಕಾರ್ಲ್ ಪಿಲ್ಲೆಮರ್ ಕುಟುಂಬದೊಳಗೆ ಮಾತು ಬಿಟ್ಟವರ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. 2020ರಲ್ಲಿ 'ಫಾಲ್ಟ್ ಲೈನ್ಸ್' ಅನ್ನೋ ಪುಸ್ತಕ ಬಂತು. ಅವರ ಸಮೀಕ್ಷೆಯಲ್ಲಿ ಶೇ 27ರಷ್ಟು ವಯಸ್ಕರು ತಮ್ಮ ಮನೆಯ ಯಾರೋ ಒಬ್ಬರ ಜೊತೆ ಸಂಪರ್ಕ ಕಡಿದುಕೊಂಡಿದ್ದಾಗಿ ಹೇಳಿದ್ರು. ಅದು ಅಮೆರಿಕದ ಲೆಕ್ಕ, ಗದಗಕ್ಕೆ ಅನ್ವಯಿಸಬೇಕಂತಿಲ್ಲ. ನನಗೆ ಆ ಸಂಖ್ಯೆಗಿಂತ ಮುಖ್ಯ ಅನ್ನಿಸಿದ್ದು, ಮತ್ತೆ ಒಂದಾದ ನೂರು ಜನರ ಜೊತೆ ಅವರು ಮಾಡಿದ ಸಂದರ್ಶನ. ಹಿಂದೆ ನಡೆದದ್ದರ ಬಗ್ಗೆ ಎದುರಿನವರು ನನ್ನ ಕಥೆಯನ್ನೇ ಒಪ್ಪಬೇಕು ಅನ್ನೋ ಹಟವನ್ನ ಇವರಲ್ಲಿ ಹೆಚ್ಚಿನವರು ಬಿಟ್ಟಿದ್ರು. ಕ್ಷಮೆ ಕೇಳಿಸ್ಕೊಂಡ ಮೇಲೆ ಹತ್ತಿರ ಆದವರಲ್ಲ. ಹಳೇದರ ಬಗ್ಗೆ ಒಮ್ಮತ ಇಲ್ಲದೇನೇ, ಇನ್ನು ಮುಂದೆ ಹೇಗೆ ಅಂತ ಶುರು ಮಾಡಿದವರು. ಎದುರಿನವರಿಂದ ಏನು ಸಿಗಬಹುದು ಅನ್ನೋ ನಿರೀಕ್ಷೆಯನ್ನೂ ಕಡಿಮೆ ಮಾಡ್ಕೊಂಡಿದ್ರು, ತಮ್ಮ ಷರತ್ತು ಏನು ಅಂತಲೂ ಹೇಳಿದ್ರು. ಎರಡೂ.

ಬಿಕಾಂ ಓದಿದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ತಿಲ್ಲ ಅಂದ್ಕೊಳ್ಳಿ. ಡೆಬಿಟ್ ಕಡೆ 4,300 ಕಡಿಮೆ ಬರ್ತಿದೆ. ಎಲ್ಲಿ ತಪ್ಪಾಗಿದೆ ಗೊತ್ತಿಲ್ಲ. ಅದು ಸಿಗೋವರೆಗೆ ಅಂಗಡಿ ಬಾಗಿಲು ಹಾಕ್ತೀವಾ? ಇಲ್ಲ. ಆ ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟ್‌ಗೆ ಹಾಕ್ತೀವಿ, ವ್ಯವಹಾರ ಮುಂದುವರಿಸ್ತೀವಿ, ತಪ್ಪು ಸಿಕ್ಕ ದಿನ ಸರಿ ಮಾಡ್ತೀವಿ. ಇಲ್ಲಿ ಒಂದು ಮಾತು ಗಮನಿಸಿ. ಸಸ್ಪೆನ್ಸ್‌ಗೆ ಹಾಕೋದು ಬೇರೆ, ರೈಟ್ ಆಫ್ ಮಾಡೋದು ಬೇರೆ. ರೈಟ್ ಆಫ್ ಅಂದ್ರೆ ಹೋಯ್ತು, ಮರೆತುಬಿಡು. ಸಸ್ಪೆನ್ಸ್‌ನಲ್ಲಿ ಇದೆ ಅಂದ್ರೆ ಪುಸ್ತಕದಲ್ಲಿ ಕಣ್ಣಿಗೆ ಕಾಣೋ ಹಾಗೆ ಇದೆ.

ನಮ್ಮ ಮನೆಗಳಲ್ಲಿ "ಅಡ್ಜಸ್ಟ್ ಮಾಡ್ಕೋ" ಅಂತ ಹೆಣ್ಣುಮಕ್ಕಳಿಗೆ ಹೇಳೋದು ಹೆಚ್ಚಾಗಿ ರೈಟ್ ಆಫ್ ಮಾಡು ಅನ್ನೋ ಅರ್ಥದಲ್ಲೇ. ನಾನು ಹೇಳ್ತಿರೋದು ಅದಲ್ಲ. ಅದಕ್ಕೆ ಈಗ ಕಾಗದದ ವಿಷಯಕ್ಕೆ ಬರೋಣ.

ಆ ಹನ್ನೊಂದು ನಿಮಿಷ ಕೇಳಿದ ಮೇಲೆ ನಾನು ವಾಪಸ್ ಕೇಳಿದ್ದು ಒಂದೇ ಪ್ರಶ್ನೆ: ಅದು ಯಾವ ಕಾಗದ? ಅವರಿಗೆ ಗೊತ್ತಿರಲಿಲ್ಲ. ಎರಡು ವರ್ಷ ಮಾತು ಬಿಟ್ಟಿರೋದು ಓದದ ಕಾಗದದ ಮೇಲೆ. ಅಣ್ಣ ಓದಿ ಹೇಳಲಿಲ್ಲ, ಅದಾದ ಮೇಲೆ ಕೇಳೋ ಸಂದರ್ಭವೇ ಬರಲಿಲ್ಲ.

ಯಾಕೆ ಇದು ಮುಖ್ಯ ಅಂದ್ರೆ, ಇಂಥ ಸಂದರ್ಭದಲ್ಲಿ ಮುಂದೆ ಬರೋ ಕಾಗದ ಎರಡು ಬಗೆಯದ್ದಿರಬಹುದು. ಒಂದು ಪೌತಿ ಖಾತೆಗೆ ಸಂಬಂಧಪಟ್ಟದ್ದು. ಜಮೀನಿನ ಮಾಲೀಕರು ತೀರಿಕೊಂಡ ಮೇಲೆ ಪಹಣಿಯಲ್ಲಿ ವಾರಸುದಾರರ ಹೆಸರು ಬರಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಅರ್ಜಿ ಹಾಕ್ತಾರೆ. ಎಲ್ಲ ವಾರಸುದಾರರ ಹೆಸರಲ್ಲಿ ಜಂಟಿಯಾಗಿ ಮಾಡಿಸ್ಕೊಳ್ಳಬಹುದು. ಖಾತೆ ಬದಲಾದ ಮಾತ್ರಕ್ಕೆ ಹಕ್ಕು ಹುಟ್ಟಲ್ಲ, ಹೋಗೋದೂ ಇಲ್ಲ. ಇನ್ನೊಂದು ಹಕ್ಕು ಬಿಡುಗಡೆ ಪತ್ರ. ಅದನ್ನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸ್ತಾರೆ. ಅದಕ್ಕೆ ಸಹಿ ಹಾಕಿದ್ರೆ ನಿಮ್ಮ ಪಾಲು ಬಿಟ್ಟುಕೊಟ್ಟ ಹಾಗೆ.

ಮಗಳಿಗೆ ಪಾಲಿದೆಯಾ ಅನ್ನೋದರಲ್ಲಿ ಈಗ ಗೊಂದಲ ಇಲ್ಲ. ಕರ್ನಾಟಕ 1994ರಲ್ಲೇ ಕಾನೂನು ತಿದ್ದಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತ್ತು. ಆದ್ರೆ ಅಷ್ಟರೊಳಗೆ ಮದುವೆ ಆದವರನ್ನ ಹೊರಗಿಟ್ಟಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಹಕ್ಕು ಹುಟ್ಟಿನಿಂದಲೇ ಬರೋದು, 2005ರಲ್ಲಿ ಅಪ್ಪ ಬದುಕಿರಬೇಕು ಅಂತೇನಿಲ್ಲ ಅಂತ ಸ್ಪಷ್ಟ ಮಾಡ್ತು. ಅಪ್ಪ ಸ್ವಂತ ದುಡಿದು ಮಾಡಿದ ಆಸ್ತಿ ಆಗಿದ್ದು, ವಿಲ್ ಬರೆದಿಲ್ಲ ಅಂದ್ರೂ ಹೆಂಡತಿ, ಮಗ, ಮಗಳು ಸಮಾನ ವಾರಸುದಾರರು. ಇದು ಹಿಂದೂ ಉತ್ತರಾಧಿಕಾರ ಕಾಯ್ದೆ. ಬೇರೆ ಧರ್ಮದವರಿಗೆ ನಿಯಮ ಬೇರೆ. ನಾನು ಲಾಯರ್ ಅಲ್ಲ, ನಿಮ್ಮ ಕೇಸಿಗೆ ಲಾಯರನ್ನೇ ಕೇಳಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯೋ ಹಕ್ಕಿದೆ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತೆ, ಸಹಾಯವಾಣಿ 15100. ಇದು ತುಂಬ ಜನಕ್ಕೆ ಗೊತ್ತೇ ಇಲ್ಲ.

ಹಾಗಾಗಿ ಓದದೆ ಸಹಿ ಹಾಕಲ್ಲ ಅಂದದ್ದು ನೂರಕ್ಕೆ ನೂರು ಸರಿ. ಆ ವಿಷಯದಲ್ಲಿ ಬಗ್ಗೋ ಅಗತ್ಯ ಇಲ್ಲ, ಎಷ್ಟು ಪಂಚಮಿ ಹೋದ್ರೂ ಇಲ್ಲ.

ಈಗ ಅಣ್ಣನ ಕಡೆಯಿಂದ ಸ್ವಲ್ಪ ನೋಡಿ. ಪಹಣಿಯಲ್ಲಿ ತೀರಿಹೋದ ಅಪ್ಪನ ಹೆಸರೇ ಇದ್ರೆ ಸೊಸೈಟಿಯಲ್ಲಿ ಬೆಳೆ ಸಾಲಕ್ಕೆ ಕಷ್ಟ. ಮಳೆ ಕೈಕೊಟ್ಟ ವರ್ಷ ಪರಿಹಾರದ ದುಡ್ಡಿಗೂ ತೊಡಕು. ಹೊಲದಲ್ಲಿ ದುಡಿಯೋನು ಇವನು, ಕಾಗದದಲ್ಲಿ ಇವನ ಹೆಸರೇ ಇಲ್ಲ. ಬೆಂಗಳೂರಲ್ಲಿ ಕೂತು ನೋಡಿದ್ರೆ ಆಸ್ತಿ ಹೊಡೆಯೋ ಆತುರ ಅಂತ ಕಾಣೋದು, ಅಲ್ಲಿ ಜೂನ್ ಒಳಗೆ ಬೀಜ-ಗೊಬ್ಬರಕ್ಕೆ ದುಡ್ಡು ಹೊಂದಿಸೋ ಆತುರವೂ ಆಗಿರಬಹುದು. ಅಥವಾ ಎರಡೂ ಸೇರಿರಬಹುದು! ಮನುಷ್ಯರು ಅಲ್ವಾ, ಒಂದೇ ಕಾರಣಕ್ಕೆ ಯಾರು ಏನು ಮಾಡ್ತಾರೆ.

ನಾನು ಹೇಳಿದ್ದು ಇಷ್ಟು: ಆ ಉದ್ದದ ಮೆಸೇಜ್ ನೋಟ್ಸ್‌ನಲ್ಲೇ ಇರಲಿ, ಡಿಲೀಟ್ ಮಾಡಬೇಡಿ, ಕಳಿಸಲೂ ಬೇಡಿ. ಉತ್ತರ ಕೊಡೋಕೆ ಸುಲಭ ಆಗೋ ಒಂದು ಸಣ್ಣ ವಿಷಯ ಕೇಳಿ.

ಅವರು ಮೂರು ದಿನ ಸುಮ್ಮನಿದ್ದು, ನಾಲ್ಕನೇ ದಿನ ಅಣ್ಣನಿಗೆ ಕಳಿಸಿದ್ದು ಇದು: "ಈ ಸಲ ಹೆಸರು ಹೆಂಗ್ ಬಂದೈತಿ?" ಹೆಸರು ಅಂದ್ರೆ ಹೆಸರುಕಾಳು, ಆ ಕಡೆಯ ಮುಂಗಾರಿನ ಬೆಳೆ. ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ. ನನಗೆ ಮೆಸೇಜ್ ಹಾಕಿದ್ರು, ನೋಡಿದ್ರಾ ಅಂತ. ಮಾರನೇ ದಿನ ಮಧ್ಯಾಹ್ನ ಹೊಲದ ಒಂದು ಫೋಟೋ ಬಂತು. ಕ್ಯಾಪ್ಷನ್ ಇಲ್ಲ, ಏನೂ ಇಲ್ಲ, ಬರೀ ಬೆಳೆ.

ಒಂದು ವಾರ ಬಿಟ್ಟು ಫೋನ್ ಮಾಡಿದ್ರು. ನಾಲ್ಕು ನಿಮಿಷ. ಮೊದಲ ಎರಡು ನಿಮಿಷ ಚೆನ್ನಾಗಿತ್ತಂತೆ, ಮಳೆ, ಮಗು, ಅವ್ವನ ಮೊಣಕಾಲು. ಮೂರನೇ ನಿಮಿಷಕ್ಕೆ ಕಾಗದದ ಮಾತು ಬಂತು. ಅಣ್ಣ ದನಿ ಏರಿಸಿದ್ರು, ಇವರೂ ಏರಿಸಿದ್ರು, ಎತ್ತಿನ ಮಾತು ಇವರ ಬಾಯಿಂದಲೇ ಬಂತು, ಅಣ್ಣ ಫೋನ್ ಇಟ್ಟರು. ಇವರು ಅಳ್ತಾ ನನಗೆ ವಾಯ್ಸ್ ನೋಟ್ ಹಾಕಿದ್ರು: "ನೋಡಿ, ಎಲ್ಲಾ ಕೆಡಿಸಿಬಿಟ್ಟೆ."

ಇಲ್ಲಿ ನಿಮಗೆ ಇನ್ನೊಂದು ವಿಷಯ ಹೇಳಬೇಕು. ಎಡ್ವರ್ಡ್ ಟ್ರಾನಿಕ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ. 1970ರ ದಶಕದಲ್ಲಿ ಅವರು ಮಾಡಿದ ಪ್ರಯೋಗದ ವಿಡಿಯೋ ನಿಮ್ಮಲ್ಲಿ ಕೆಲವರು ನೋಡಿರಬಹುದು. ತಾಯಿ ಮಗುವಿನ ಜೊತೆ ನಗ್ತಾ ಆಡ್ತಿದ್ದವಳು ಇದ್ದಕ್ಕಿದ್ದ ಹಾಗೆ ಮುಖವನ್ನ ಕಲ್ಲಿನ ಹಾಗೆ ಮಾಡ್ತಾಳೆ. ಮಗು ನಗುತ್ತೆ, ಬೆರಳು ತೋರಿಸುತ್ತೆ, ಚೀರುತ್ತೆ, ಕೊನೆಗೆ ಮುಖ ತಿರುಗಿಸಿ ಅಳುತ್ತೆ. ಈ ವಿಡಿಯೋ ವಾಟ್ಸಾಪ್‌ನಲ್ಲೂ ಓಡಾಡಿದೆ. ಓಡಾಡದೇ ಇರೋ ಭಾಗ ಬೇರೆ ಇದೆ. ಮಾಮೂಲಿ ದಿನಗಳಲ್ಲಿ, ಪ್ರೀತಿಯಿಂದ ಇರೋ ತಾಯಿ-ಮಗು ಕೂಡ ಒಬ್ಬರಿಗೊಬ್ಬರು ಸರಿಯಾಗಿ ಹೊಂದಿಕೊಳ್ಳೋದು ಸುಮಾರು ಶೇ 30ರಷ್ಟು ಹೊತ್ತು ಮಾತ್ರ ಅಂತ ಟ್ರಾನಿಕ್ ಕಂಡುಕೊಂಡ್ರು. ಉಳಿದ ಹೊತ್ತೆಲ್ಲ ತಾಳ ತಪ್ಪೋದು, ಮತ್ತೆ ಹಿಡಿಯೋದು. ಆ ಮತ್ತೆ ಹಿಡಿಯೋದರಲ್ಲೇ ಮಗುವಿಗೆ ನಂಬಿಕೆ ಬೆಳೆಯುತ್ತೆ ಅಂತ ಅವರ ವಾದ. ಇದು ಕೂಸುಗಳ ಮೇಲೆ ಆದ ಕೆಲಸ, ಮೂವತ್ತು ದಾಟಿದ ಅಣ್ಣನ ಮೇಲೆ ಅಲ್ಲ, ಒಪ್ತೀನಿ. ಆದ್ರೂ, ನಾಲ್ಕು ನಿಮಿಷದಲ್ಲಿ ಎರಡು ನಿಮಿಷ ಚೆನ್ನಾಗಿತ್ತು ಅಂದ್ರೆ ಶೇ 50 ಆಯ್ತು ಅಂತ ನಾನು ಅವರಿಗೆ ಹೇಳಿದೆ. ನಕ್ಕರು.

ಮಾರನೇ ದಿನ ಅವರೇ ಮತ್ತೆ ಫೋನ್ ಮಾಡಿದ್ರು. ಯಾರು ತಪ್ಪು ಅನ್ನೋ ಲೆಕ್ಕಕ್ಕೇ ಹೋಗಲಿಲ್ಲ. "ನಿನ್ನಿ ಹಂಗ ಫೋನ್ ಇಟ್ಟಿದ್ದು ಬ್ಯಾಸರಾತು ಅಣ್ಣ. ಆ ಕಾಗದದ್ದೊಂದು ಫೋಟೋ ಕಳಿಸು, ಓದಿ ಹೇಳ್ತೀನಿ." ಇಷ್ಟೇ ಮಾತು.

ಫೋಟೋ ಬಂತು. ಏನಿತ್ತು ಗೊತ್ತಾ? ಹಕ್ಕು ಬಿಡುಗಡೆ ಪತ್ರ ಅಲ್ಲ. ಆದ್ರೆ ಪೂರ್ತಿ ಮುಗ್ಧ ಕಾಗದವೂ ಅಲ್ಲ. ಖಾತೆಯನ್ನ ಅಣ್ಣನೊಬ್ಬನ ಹೆಸರಿಗೆ ಮಾಡೋಕೆ ನನ್ನ ಅಭ್ಯಂತರ ಇಲ್ಲ ಅನ್ನೋ ಒಪ್ಪಿಗೆ ಪತ್ರ. ಯಾರೋ ಟೈಪ್ ಮಾಡಿ ಕೊಟ್ಟಿದ್ರಂತೆ, ಎಲ್ಲರೂ ಹಿಂಗೇ ಮಾಡ್ತಾರೆ ಅಂತ ಹೇಳಿ. ತಂಗಿ ಒಬ್ಬ ವಕೀಲೆಗೆ ತೋರಿಸಿದ್ರು. ಅವ್ವ, ಅಣ್ಣ, ತಂಗಿ ಮೂವರ ಹೆಸರಲ್ಲಿ ಜಂಟಿ ಪೌತಿ ಖಾತೆಗೆ ಅರ್ಜಿ ಹಾಕಿ, ಪಾಲಿನ ಮಾತು ಆಮೇಲೆ ಅಂತ ವಕೀಲೆ ಹೇಳಿದ್ರು. ತಂಗಿ ಅದನ್ನೇ ಅಣ್ಣನಿಗೆ ಹೇಳಿದ್ರು: ಸಾಲಕ್ಕೆ ಬೇಕಾದ ಸಹಿ ಹಾಕ್ತೀನಿ, ಹೊಲ ನೀನೇ ಮಾಡು, ನನ್ನ ಹೆಸರೂ ಇರಲಿ.

ಅಣ್ಣ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. "ನೋಡೋಣ ತಗೋ" ಅಂದಿದ್ದಾರೆ. ಕ್ಷಮೆಯ ಮಾತು ಯಾರೂ ಎತ್ತಿಲ್ಲ. ಎತ್ತಿನ ಸಾಲ ಹಾಗೇ ಇದೆ. ಸಸ್ಪೆನ್ಸ್ ಅಕೌಂಟ್‌ನಲ್ಲಿ.

ನಿಮ್ಮ ಮನೇಲಿ ಇದೇ ರೀತಿ ಆಗುತ್ತೆ ಅಂತ ನಾನು ಹೇಳಲ್ಲ. ಈ ಅಣ್ಣ ಕೈ ಎತ್ತಿದವರಲ್ಲ, ಬೆದರಿಸಿದವರಲ್ಲ. ಹೊಡೆತ ಇದ್ರೆ, ಸಹಿ ಹಾಕದಿದ್ರೆ ನೋಡ್ಕೋತೀನಿ ಅನ್ನೋ ಬೆದರಿಕೆ ಇದ್ರೆ, ಹೆಸರುಕಾಳಿನ ಮೆಸೇಜ್ ಕಳಿಸೋ ಕೆಲಸ ನಿಮ್ಮದಲ್ಲ. ಅಲ್ಲಿ ದೂರ ಇರೋದೇ ಸರಿ. ಹೆಣ್ಣುಮಕ್ಕಳ ಸಹಾಯವಾಣಿ 181, ತುರ್ತಿಗೆ 112. ಮನಸ್ಸಿಗೆ ತೀರಾ ಭಾರ ಅನ್ನಿಸಿದ್ರೆ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಇನ್ನು ಈ ಸಲದ ಪಂಚಮಿ. ಈ ಕಂತು ರೆಕಾರ್ಡ್ ಮಾಡೋ ಹೊತ್ತಿಗೆ ಹಬ್ಬಕ್ಕೆ ಒಂಬತ್ತು ದಿನ ಇದೆ. ಅಣ್ಣ ಕರೆಯೋಕೆ ಬಂದಿಲ್ಲ, ಫೋನಲ್ಲೂ ಬಾ ಅಂದಿಲ್ಲ. ಅವರತ್ತೆ, ಕರೆಯದೆ ಹೆಂಗ್ ಹೋಗ್ತಿ ಅಂತ ಕೇಳಿದ್ರಂತೆ. ನ್ಯಾಯವಾದ ಪ್ರಶ್ನೆಯೇ. ನನ್ನನ್ನೂ ಕೇಳಿದ್ರು, ಹೋಗ್ಲಾ ಅಂತ. ನನ್ನ ಅಭಿಪ್ರಾಯ ಹೇಳಿದೆ: ಕರೆಯಲಿಲ್ಲ ಅನ್ನೋ ಬೇಜಾರು ಇಟ್ಕೊಂಡೇ ಹೋಗಿ. ಬೇಜಾರು ಹೋದ ಮೇಲೆ ಹೋಗ್ತೀನಿ ಅಂದ್ರೆ ಅವ್ವನ ಜೊತೆ ಇನ್ನೆಷ್ಟು ಪಂಚಮಿ ಉಳಿದಿವೆಯೋ. ಎರಡು ರಾತ್ರಿ ಸಾಕು, ಐದು ದಿನ ಬೇಡ. ಐದು ದಿನ ಒಂದೇ ಮನೇಲಿ ಇದ್ರೆ ದೇವರಿಗೂ ಜಗಳ ಬರುತ್ತೆ. ವಾಪಸ್ ಟಿಕೆಟ್ ಮೊದಲೇ ಬುಕ್ ಮಾಡಿ. ಕಾಗದದ ಮಾತು ಹಬ್ಬದ ದಿನ ಬಂದ್ರೆ, ಇವತ್ತು ಬೇಡ, ನಾಳೆ ಬೆಳಿಗ್ಗೆ ಮಾತಾಡೋಣ ಅಂತ ಹೇಳೋಕೆ ಈಗಲೇ ಅಭ್ಯಾಸ ಮಾಡ್ಕೊಳ್ಳಿ.

ಬುಕ್ ಮಾಡಿದ್ದಾರೆ. ಅವ್ವನಿಗೆ ಹೇಳಿದ್ರು, ಅಣ್ಣನಿಗೆ ಬರೀ ರೈಲಿನ ಟೈಮ್ ಫಾರ್ವರ್ಡ್ ಮಾಡಿದ್ರು. ನೀಲಿ ಟಿಕ್ ಬಂದಿದೆ. ಸ್ಟೇಷನ್‌ಗೆ ಬರ್ತಾರಾ, ಆಟೋ ಮಾಡ್ಕೊಂಡು ಬಸ್ ಸ್ಟ್ಯಾಂಡಿಗೆ ಹೋಗಬೇಕಾ ಗೊತ್ತಿಲ್ಲ. ಆಟೋ ದುಡ್ಡು ಚಿಲ್ಲರೆ ಎತ್ತಿಟ್ಕೊಂಡಿದ್ದೀನಿ ಅಂದ್ರು.

ಮುಂದಿನ ವಾರ ವಾಪಸ್ ನಮ್ಮ ಮಾಮೂಲಿ ವಿಷಯ, ಬ್ಯಾಂಕ್ ಲಾಕರ್ ಬಾಡಿಗೆ. ವಾಯ್ಸ್ ನೋಟ್ ಕಳಿಸ್ತಾ ಇರಿ, ಹನ್ನೊಂದು ನಿಮಿಷ ಆದ್ರೂ ಪರವಾಗಿಲ್ಲ. ಸಿಗೋಣ.